ಹದಿನಾರು ಗಣ, ಎರಡು ಕಾಲೇಜು

ಮೇ ತಿಂಗಳ ಒಂದು ಮಧ್ಯಾಹ್ನ. ಮಗಳು ಊಟದ ಟೇಬಲ್ಲಿನ ಮೇಲೆ ಕ್ಯಾಲೆಂಡರಿನ ಹರಿದ ಹಾಳೆ ತಿರುಗಿಸಿಟ್ಟುಕೊಂಡು ಏನೋ ಲೆಕ್ಕ ಹಾಕುತ್ತಿದ್ದಳು. ಪಿಯುಸಿ ಫಲಿತಾಂಶ ಬಂದಾಗಿತ್ತು. ಸಿಇಟಿಯೂ ಮುಗಿದಿತ್ತು. ಯಾವ ಕಾಲೇಜಿಗೆ ಎಷ್ಟು ಫೀ ಅನ್ನುವ ಲೆಕ್ಕ ಇರಬೇಕು ಅಂದುಕೊಂಡೆ. ಬಗ್ಗಿ ನೋಡಿದರೆ ಕಂದಪದ್ಯ.

ಕಂದಕ್ಕೆ ನಾಲ್ಕು ಸಾಲು. ಒಂದು ಮತ್ತು ಮೂರನೇ ಸಾಲಿಗೆ ಮೂರು ಮೂರು ಗಣ. ಎರಡು ಮತ್ತು ನಾಲ್ಕನೇ ಸಾಲಿಗೆ ಐದೈದು. ಒಟ್ಟು 16 ಗಣ, ಒಂದೊಂದಕ್ಕೂ ನಾಲ್ಕು ಮಾತ್ರೆ. ಇಷ್ಟನ್ನು ಹೈಸ್ಕೂಲಿನಲ್ಲೇ ಹೇಳಿಕೊಡುತ್ತಾರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಾಗಾದರೆ ನಾಲ್ಕು ಮಾತ್ರೆಯ ಗಣವನ್ನು ಎಷ್ಟು ರೀತಿ ಕಟ್ಟಬಹುದು? ಐದೇ ರೀತಿ. ಎರಡು ಗುರು. ಗುರುವಿನ ಹಿಂದೆ ಎರಡು ಲಘು. ಗುರುವಿನ ಮುಂದೆ ಎರಡು ಲಘು. ನಡುವೆ ಗುರು, ಅತ್ತಿತ್ತ ಒಂದೊಂದು ಲಘು. ಇಲ್ಲವೇ ನಾಲ್ಕೂ ಲಘು. ಹಾಗಂತ 16 ಜಾಗದಲ್ಲೂ ಈ ಐದೂ ಬರುವಂತಿಲ್ಲ. ನಡುವೆ ಗುರು ಇರುವುದಕ್ಕೆ ಜಗಣ ಅನ್ನುತ್ತಾರೆ. ಅದು ಬೆಸ ಸ್ಥಾನದಲ್ಲಿ ಬರಬಾರದು. ಆದರೆ 6 ಮತ್ತು 14ನೇ ಗಣ ಜಗಣವೇ ಆಗಿರಬೇಕು, ಇಲ್ಲವೇ ನಾಲ್ಕೂ ಲಘು ಇರಬೇಕು. ಪದ್ಯದ ಪ್ರತಿ ಅರ್ಧದ ಕೊನೆಯ ಗಣ ಗುರುವಿನಲ್ಲಿ ಮುಗಿಯಬೇಕು.

ಅವಳು ಇದನ್ನೆಲ್ಲ ಸಾಲಾಗಿ ಬರೆದುಕೊಂಡಿದ್ದಳು. ಅರ್ಧ ಪದ್ಯದಲ್ಲಿ ನಾಲ್ಕು ಬೆಸ ಸ್ಥಾನ, ಒಂದೊಂದಕ್ಕೆ ನಾಲ್ಕು ಆಯ್ಕೆ. ಎರಡು ಮತ್ತು ನಾಲ್ಕನೇ ಗಣಕ್ಕೆ ಐದೈದು. ಆರನೇದಕ್ಕೆ ಎರಡು, ಎಂಟನೇದಕ್ಕೆ ಎರಡು. ಗುಣಿಸಿದರೆ 25,600. ಉಳಿದರ್ಧವೂ ಅಷ್ಟೇ. ಎರಡನ್ನೂ ಗುಣಿಸಿ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: 65,53,60,000.

"ಅಪ್ಪಾ, ಅರವತ್ತೈದೂವರೆ ಕೋಟಿ ರೀತಿಲೆ ಕಂದ ಬರೀಬಹುದು. ಇದರಾಗ ಪಂಪ ಯಾವ್ಯಾವ ರೀತಿ ಜಾಸ್ತಿ ಬಳಸ್ಯಾನ? ರನ್ನ ಬ್ಯಾರೆ ಬಳಸ್ಯಾನೇನು? ಯಾರರೆ ಎಣಿಸ್ಯಾರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಅದರ ಅರ್ಧ ಕನ್ನಡ, ಅರ್ಧ ಸಂಖ್ಯಾಶಾಸ್ತ್ರ. ಬರೀ ಕನ್ನಡ ಓದಿದವರಿಗೆ ಎಣಿಸಬೇಕು ಅನ್ನಿಸದೆ ಇರಬಹುದು. ಬರೀ ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೆ ಎಣಿಸಲು ಇಲ್ಲೊಂದು ವಸ್ತು ಇದೆ ಅಂತಲೇ ಗೊತ್ತಾಗುವುದಿಲ್ಲ.

ಅವತ್ತು ರಾತ್ರಿ ಊಟದ ಹೊತ್ತಿಗೆ ಅವಳು ಹೇಳಿದಳು. ಎಂಜಿನಿಯರಿಂಗ್ ಬೇಡ. ಸ್ಟ್ಯಾಟಿಸ್ಟಿಕ್ಸೂ ಬೇಕು, ಕನ್ನಡವೂ ಬೇಕು. ಒಂದು ಮುಖ್ಯ, ಇನ್ನೊಂದು ಹವ್ಯಾಸ ಅಂತಲ್ಲ. ಎರಡೂ ಪೂರ್ತಿ.

ನಮ್ಮ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿದೆ. ಸುತ್ತ ಎಲ್ಲಿ ನೋಡಿದರೂ ಎಂಜಿನಿಯರಿಂಗ್ ಓದುವ ಹುಡುಗರು. ಒಳ್ಳೆ ಮಾರ್ಕ್ಸ್ ಬಂದ ಹುಡುಗಿ ಬಿ.ಎಸ್ಸಿ. ಅಂದರೇನೇ ಜನ ಹುಬ್ಬು ಏರಿಸುತ್ತಾರೆ. ಅದರ ಜೊತೆ ಕನ್ನಡ ಬಿ.ಎ. ಅಂದರೆ ಕೇಳುವುದೇ ಬೇಡ. ನಮ್ಮ ತಮ್ಮ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದ. ನನ್ನ ಅವ್ವ ಎರಡು ದೋಣಿಯ ಮಾತು ತೆಗೆದಳು. ಇವರ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದಲೇ ಹೇಳಿದರು. ಆದರೆ ಅವರೆಲ್ಲ ನೌಕರಿಯ ಬಗ್ಗೆ ಮಾತಾಡುತ್ತಿದ್ದರು. ನನಗೆ ಕಾಡುತ್ತಿದ್ದ ಪ್ರಶ್ನೆ ಬೇರೆ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಧಾರವಾಡಕ್ಕೆ ಹೋಗಿ ನೋಡಿಕೊಂಡು ಬರೋಣ ಎಂದು ಒಂದು ಶನಿವಾರ ಇಬ್ಬರೂ ಚಿಗರಿ ಬಸ್ ಹತ್ತಿದೆವು. ಉಣಕಲ್ ಕೆರೆ, ನವನಗರ, ನವಲೂರು, ಸತ್ತೂರು ದಾಟಿ ಜುಬಿಲಿ ಸರ್ಕಲ್ ಬಂತು. ಅಲ್ಲಿಂದ ಕೆಸಿಡಿಗೆ, ಅಂದರೆ ಕರ್ನಾಟಕ ಕಾಲೇಜಿಗೆ, ಇನ್ನೊಂದು ಬಸ್.

ಧಾರವಾಡದವರು ಈಗಲೂ ಕೆಸಿಡಿ ಅಂತಲೇ ಅನ್ನುತ್ತಾರೆ. ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಆಗಿನ್ನೂ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 1949ರಲ್ಲಿ, ಅದೂ ಮುಂಬೈಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ಈಗ ಕೆಸಿಡಿ ಅನ್ನುವ ಆ ಒಂದು ಹೆಸರಿನ ಕೆಳಗೆ ಎರಡು ಕಾಲೇಜುಗಳಿವೆ. ಕರ್ನಾಟಕ ಆರ್ಟ್ಸ್ ಕಾಲೇಜು, ಕರ್ನಾಟಕ ಸೈನ್ಸ್ ಕಾಲೇಜು. ಎರಡೂ ವಿಶ್ವವಿದ್ಯಾಲಯದವೇ. ಒಂದೇ ಆವರಣ, ಅವೇ ಮರಗಳು. ಪ್ರಿನ್ಸಿಪಾಲರು ಬೇರೆ, ಪ್ರವೇಶ ಬೇರೆ, ವೇಳಾಪಟ್ಟಿ ಬೇರೆ.

ಮಗಳಿಗೆ ಅಲ್ಲಿ ಒಂದು ಸಂಗತಿ ಹೇಳಿದೆ. ಗಿರೀಶ ಕಾರ್ನಾಡರು ಓದಿದ್ದು ಇಲ್ಲೇ. 1958ರಲ್ಲಿ ಅವರು ಪಡೆದ ಬಿ.ಎ. ಪದವಿ ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಆಮೇಲೆ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿದರು. ಕಾರ್ನಾಡರು ಮಾಡಿದರು, ನೀನೂ ಮಾಡು ಅಂತ ಹೇಳಲಿಕ್ಕಲ್ಲ. ಆಗ ಸಂಖ್ಯಾಶಾಸ್ತ್ರ ಓದಿದವನಿಗೆ ಬಿ.ಎ. ಕೊಡುತ್ತಿದ್ದರು ಅನ್ನುವುದು ನನಗೆ ಮುಖ್ಯ ಅನ್ನಿಸಿತು. ಕಲೆ ಮತ್ತು ವಿಜ್ಞಾನದ ನಡುವಿನ ಗೋಡೆ ಈಗಿರುವ ಜಾಗದಲ್ಲೇ ಯಾವಾಗಲೂ ಇರಲಿಲ್ಲ.

ಈಗಿನ ನಿಯಮ ಏನು? ಯುಜಿಸಿ 2022ರ ಏಪ್ರಿಲ್‌ನಲ್ಲಿ ಏಕಕಾಲಕ್ಕೆ ಎರಡು ಪದವಿ ಓದಲು ಅನುಮತಿ ಕೊಟ್ಟಿತು. ಎರಡನ್ನೂ ಕಾಲೇಜಿಗೆ ಹೋಗಿಯೇ ಓದಬಹುದು. ಷರತ್ತು ಒಂದು: ಒಂದರ ತರಗತಿಯ ಸಮಯ ಇನ್ನೊಂದರ ಮೇಲೆ ಬೀಳಬಾರದು. ಇಲ್ಲವಾದರೆ ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಓದಬಹುದು. ಎರಡನ್ನೂ ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಮಾಡಿದರೂ ಸರಿ. ಪೇಪರಿನಲ್ಲಿ ಓದಿದಾಗ ಬಾಗಿಲು ಪೂರ್ತಿ ತೆರೆದ ಹಾಗೆ ಕಾಣುತ್ತದೆ. ಕಾಲೇಜಿನ ಅಂಗಳದಲ್ಲಿ ನಿಂತಾಗ ಆ ಷರತ್ತು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಎರಡೂ ಕಡೆ ಪಾಠ ನಡೆಯುವುದು ಹಗಲು ಹೊತ್ತಿನಲ್ಲೇ ಅಲ್ವಾ? ವಿಜ್ಞಾನಕ್ಕೆ ಮಧ್ಯಾಹ್ನದ ಪ್ರಾಕ್ಟಿಕಲ್ಸ್ ಬೇರೆ. ಎರಡೂ ಕಡೆ ಹಾಜರಿ 75 ಪರ್ಸೆಂಟ್ ಬೇಕು. ಹುಡುಗಿ ಒಬ್ಬಳೇ. ಕೆಸಿಡಿಯ ಅಂಗಳ ದಾಟಲು ಐದು ನಿಮಿಷ ಸಾಕು, ಆದರೆ ಹತ್ತೂವರೆ ಗಂಟೆಯನ್ನು ಎರಡು ಸಲ ಬದುಕಲು ಆಗುವುದಿಲ್ಲ.

ಇನ್ನೂ ಸಣ್ಣ ಸಣ್ಣ ತೊಡಕುಗಳಿವೆ. ಟಿ.ಸಿ. ಇರುವುದು ಒಂದೇ. ಎರಡೂ ಕಡೆ ಮೂಲಪ್ರತಿ ಕೇಳಿದರೆ ಏನು ಕೊಡುವುದು? ಒಂದು ಕಚೇರಿಯ ಕೌಂಟರಿನಲ್ಲಿ ಈ ಪ್ರಶ್ನೆ ಕೇಳಿದೆ. ಅಲ್ಲಿದ್ದವರು ನನ್ನನ್ನೇ ತಿರುಗಿ ಕೇಳಿದರು, "ಎರಡ್ಯಾಕ ಬೇಕ್ರಿ ಸರ?" ಅವರಿಗೂ ಇದು ಹೊಸದು. ಭಾಷಾ ಪತ್ರಿಕೆಗಳ ವಿಷಯವೂ ಇದೆ. ಬಿ.ಎಸ್ಸಿ.ಗೂ ಭಾಷೆಗಳ ಪತ್ರಿಕೆ ಇವೆ, ಬಿ.ಎ.ಗೂ ಇವೆ. ಎರಡು ಪದವಿ ಅಂದರೆ ಅದೇ ಬಗೆಯ ಪತ್ರಿಕೆಗಳನ್ನು ಎರಡೆರಡು ಸಲ ಬರೆಯಬೇಕು. ಒಂದು ಕಡೆ ಓದಿದ್ದು ಇನ್ನೊಂದು ಕಡೆ ಲೆಕ್ಕಕ್ಕೆ ಬರುವುದಿಲ್ಲ.

ಮೂರ್ನಾಲ್ಕು ವರ್ಷ ಮೊದಲು ಹುಟ್ಟಿದ್ದರೆ ನನ್ನ ಮಗಳಿಗೆ ಬೇರೆ ದಾರಿ ಇರುತ್ತಿತ್ತೇನೋ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನಮ್ಮ ರಾಜ್ಯ 2021-22ರಲ್ಲಿ ಪದವಿ ತರಗತಿಗೆ ತಂದಿತು. ಎರಡು ಮುಖ್ಯ ವಿಷಯ, ಜೊತೆಗೆ ಬೇರೆ ವಿಭಾಗದಿಂದ ಮುಕ್ತ ಆಯ್ಕೆಯ ವಿಷಯ, ಬೇಕಾದರೆ ನಾಲ್ಕನೇ ವರ್ಷ. ವಿಜ್ಞಾನದವರು ಕಲೆಯ ವಿಷಯ ಓದಬಹುದು ಅನ್ನುವ ಮಾತು ಆಗ ಜೋರಾಗಿತ್ತು. ನನ್ನ ಸಹೋದ್ಯೋಗಿಯ ಮಗ ಆ ಮೊದಲ ಬ್ಯಾಚಿನವನು. ಅವನು ಸೇರಿದ ಕಾಲೇಜಿನಲ್ಲಿ ಯಾವ ವಿಷಯಕ್ಕೆ ಮೇಷ್ಟ್ರು ಇದ್ದರೋ, ಯಾವುದು ವೇಳಾಪಟ್ಟಿಯಲ್ಲಿ ಕೂತಿತೋ, ಅದೇ ಅವನ ಆಯ್ಕೆಯಾಯಿತು. 2024ರಲ್ಲಿ ರಾಜ್ಯ ಸರ್ಕಾರ ಆ ವ್ಯವಸ್ಥೆ ಬಿಟ್ಟಿತು. ಮೂರು ವರ್ಷದ ಪದವಿ, ಮೂರು ಮುಖ್ಯ ವಿಷಯ ಮರಳಿ ಬಂದವು. ಬಿ.ಎಸ್ಸಿ. ಅಂದರೆ ಮತ್ತೆ ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರದಂಥ ಗುಂಪು. ಆ ಮೂರರ ಪಕ್ಕದಲ್ಲಿ ಐಚ್ಛಿಕ ಕನ್ನಡಕ್ಕೆ ಕುರ್ಚಿ ಇಲ್ಲ. ನೀತಿ ಹೀಗೆ ಬಂದು ಹಾಗೆ ಹೋಗುವಾಗ ನಡುವೆ ಸಿಕ್ಕ ಮಕ್ಕಳ ಬಗ್ಗೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನನ್ನ ಅಣ್ಣನ ಮಗಳು ಅಮೆರಿಕದ ಒಂದು ಯುನಿವರ್ಸಿಟಿಯಲ್ಲಿ ಓದುತ್ತಾಳೆ. ಅವಳದು ಕಂಪ್ಯೂಟರ್ ಸೈನ್ಸ್ ಮತ್ತು ಭಾಷಾವಿಜ್ಞಾನ. ಮೊದಲನೆಯದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ಎರಡನೆಯದು ಕಲೆ ಮತ್ತು ವಿಜ್ಞಾನದ ಕಾಲೇಜಿನಲ್ಲಿ. ಎರಡೂ ಒಂದೇ ಯುನಿವರ್ಸಿಟಿಯವು, ನಮ್ಮ ಕೆಸಿಡಿಯ ಹಾಗೆಯೇ. ಅವಳಿಗೆ ವಿಡಿಯೋ ಕಾಲ್ ಮಾಡಿದೆವು. ಡಬಲ್ ಮೇಜರ್ ಅಂದರೆ ಒಂದೇ ಪದವಿ, ಅದರಲ್ಲಿ ಎರಡು ವಿಷಯ. ಎರಡು ಪದವಿ ಬೇಕೆಂದರೆ ಅದು ಬೇರೆ. ಅಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಎರಡನೇ ಪದವಿಗೆ ಅದರ ಮೇಲೆ ಇನ್ನೂ 30ರಷ್ಟು ಕೇಳುವುದು ರೂಢಿ. ಬೇರೆ ಬೇರೆ ಕಾಲೇಜಿನ ವಿಷಯಗಳಾದರೆ ಎರಡೂ ಕಾಲೇಜಿನ ಕಡ್ಡಾಯ ಕೋರ್ಸುಗಳು ಮೈಮೇಲೆ ಬರುತ್ತವೆ. ಅವಳು ಕೊಟ್ಟ ಸಲಹೆ ಒಂದೇ. ಯಾವ ಕೋರ್ಸು ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ ಅಂತ ಮೊದಲು ನೋಡು, ಆಮೇಲೆ ಉಳಿದದ್ದು. ನಮ್ಮಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಅವಳು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಅವಳಿಗೆ ಎರಡು ಕಾಲೇಜಿನಲ್ಲೂ ಒಬ್ಬೊಬ್ಬ ಸಲಹೆಗಾರರಿದ್ದಾರೆ. ಮೊದಲ ವರ್ಷ ಅವರಿಬ್ಬರೂ ಅವಳಿಗೆ ಒಂದೇ ವಾರದಲ್ಲಿ ತುಂಬಾ ಭಾರದ ಕೆಲಸ ಕೊಟ್ಟರು. ಇಬ್ಬರದ್ದೂ ತಪ್ಪಿಲ್ಲ. ಇಬ್ಬರಿಗೂ ಕಂಡಿದ್ದು ತಮ್ಮ ಕಡೆಯ ವಾರ ಮಾತ್ರ. ಎರಡು ಕಾಲೇಜಿಗೆ ಸೇರಿದವರನ್ನು ಯಾರೂ ಅರ್ಧ ವಿದ್ಯಾರ್ಥಿ ಎಂದು ನೋಡುವುದಿಲ್ಲ. ಎರಡೂ ಕಡೆ ಪೂರ್ತಿ ವಿದ್ಯಾರ್ಥಿಯೇ. ಇಡೀ ವಾರ ಕಾಣುವುದು ಓದುವವರಿಗೆ ಮಾತ್ರ, ಮತ್ತೆ ಅವರ ಮನೆಯವರಿಗೆ.

ಈಗ ನನ್ನನ್ನು ಕಾಡುತ್ತಿದ್ದ ಪ್ರಶ್ನೆಗೆ ಬರುತ್ತೇನೆ.

ನಾನು ಹುಟ್ಟಿದ್ದು ಅಣ್ಣಿಗೇರಿಯಲ್ಲಿ. ಗದಗ ಮತ್ತು ಹುಬ್ಬಳ್ಳಿಯ ನಡುವೆ ರೈಲು ನಿಲ್ಲುವ ಊರು. ಅಮೃತೇಶ್ವರ ಗುಡಿಯ ಊರು. ಪಂಪ ನಮ್ಮೂರಿನವನು ಎಂದು ಅಲ್ಲಿ ಪ್ರತಿ ಮಗುವೂ ಹೇಳುತ್ತದೆ. ಅವನ ಒಂದು ಪದ್ಯವೂ ಬಾರದವರು ಸಹ ಹೇಳುತ್ತಾರೆ. 1992ರಲ್ಲಿ ನಾನು ಬಿ.ಎಸ್ಸಿ. ಓದಲು ಧಾರವಾಡಕ್ಕೆ ಬಂದೆ. ಮನೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಬಿ.ಎಸ್ಸಿ. ಆದರೆ ಎಲ್ಲಾದರೂ ನೌಕರಿ. ಆದರೆ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದವನು ಐಚ್ಛಿಕ ಕನ್ನಡದ ಹುಡುಗ. ಒಂದು ದಿನ ಪ್ರಾಕ್ಟಿಕಲ್ಸ್ ಇರಲಿಲ್ಲ. ಅವನ ಜೊತೆ ಸುಮ್ನೆ ಹೋಗಿ ಅವನ ತರಗತಿಯಲ್ಲಿ ಕೂತೆ.

ಅವತ್ತು ಮೇಷ್ಟ್ರು ಪಂಪನ ಕರ್ಣನ ಭಾಗ ಓದಿದರು. ಮೊದಲು ರಾಗವಾಗಿ ಓದಿದರು. ಆಮೇಲೆ ಬಿಡಿಸಿ ಹೇಳಿದರು. ಕಿಟಕಿಯಾಚೆ ಧಾರವಾಡದ ಜಿಟಿಜಿಟಿ ಮಳೆ. ನನ್ನೂರಿನ ಹೆಸರಿನ ಜೊತೆ ಬಾಯಿಪಾಠವಾಗಿದ್ದ ಒಂದು ಹೆಸರು ಅವತ್ತು ಮೊದಲ ಸಲ ಒಬ್ಬ ಮನುಷ್ಯನ ದನಿಯಾಯಿತು. ತರಗತಿ ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ, ನಾನು ಈ ಕ್ಲಾಸಿನವನಲ್ಲ, ಬಂದು ಕೂರಬಹುದೇ ಎಂದು ಕೇಳಿದೆ. ಅವರು ಹಿಂದಿನ ಬೆಂಚು ತೋರಿಸಿದರು. ಹಾಜರಿ ಇಲ್ಲ, ಪರೀಕ್ಷೆ ಇಲ್ಲ, ಫೀ ಇಲ್ಲ. ಎರಡು ವರ್ಷ ಬಿಡುವಾದಾಗಲೆಲ್ಲ ಅಲ್ಲಿ ಕೂತೆ.

ನನ್ನ ಬದುಕಿನ ಒಳ್ಳೆಯ ದಿನಗಳು ಅವು. ಹಾಗಾಗಿ ಮಗಳಿಗೆ ನನ್ನ ಮೊದಲ ಸಲಹೆ ಅದೇ ಆಗಿತ್ತು. ಎರಡನೇ ಪದವಿ ಯಾಕೆ? ಹೋಗಿ ಕೂತು ಕೇಳು. ಪ್ರೀತಿಗೆ ಸರ್ಟಿಫಿಕೇಟ್ ಯಾಕೆ ಬೇಕು? ಈ ಮಾತು ಹೇಳುವಾಗ ನನಗೆ ಅದು ಸರಿ ಅನ್ನಿಸಿತ್ತು.

ಅವಳು ಕೇಳಿದ ಒಂದೇ ಪ್ರಶ್ನೆಗೆ ಅದು ಬಿದ್ದುಹೋಯಿತು. "ಅಪ್ಪಾ, ಹಂಗಾದ್ರ ನೀವು ಈಗ ಪಂಪನ್ನ ಓದ್ತೀರೇನು?"

ಓದುವುದಿಲ್ಲ. ಓದಲು ಬರುವುದಿಲ್ಲ. ಪುಸ್ತಕ ಮನೆಯಲ್ಲಿದೆ. ಮೂವತ್ತು ವರ್ಷದಲ್ಲಿ ಎಷ್ಟೋ ಸಲ ತೆಗೆದಿದ್ದೇನೆ. ಗದ್ಯಾನುವಾದದ ಕಡೆ ಕಣ್ಣು ಹೋಗುತ್ತದೆ. ಮೂಲ ಪದ್ಯ ಎಲ್ಲಿ ಒಡೆಯುತ್ತದೆ, ಯಾವ ಪದ ಎಲ್ಲಿ ಮುಗಿಯಿತು, ಅದು ಗೊತ್ತಾಗುವುದಿಲ್ಲ. ಯಾಕೆಂದರೆ ನಾನು ಹಿಂದಿನ ಬೆಂಚಿಗೆ ಹೋಗುತ್ತಿದ್ದದ್ದು ಕಾವ್ಯದ ದಿನ ಮಾತ್ರ. ಕೇಶಿರಾಜನ ವ್ಯಾಕರಣ ಇದ್ದ ದಿನ ಹೋಗುತ್ತಿರಲಿಲ್ಲ. ಛಂದಸ್ಸಿನ ದಿನ ಹೋಗುತ್ತಿರಲಿಲ್ಲ. ಶಾಸನ ಓದಿಸುವ ದಿನ ಒಮ್ಮೆ ಹೋಗಿ ನಡುವೆ ಎದ್ದು ಬಂದೆ. ಯಾರೂ ಕೇಳುವವರಿರಲಿಲ್ಲ. ನನ್ನ ರೂಮಿನವನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಅವನಿಗೆ ಪರೀಕ್ಷೆ ಇತ್ತು. ಬೈದುಕೊಳ್ಳುತ್ತಾ ಸಂಧಿಸೂತ್ರ ಉರು ಹೊಡೆದ. ಅವನು ಈಗ ಹಾವೇರಿ ಕಡೆ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಫೋನಿನಲ್ಲಿ ಯಾವ ಹಳಗನ್ನಡ ಪದ್ಯ ಹೇಳಿದರೂ ನಿಂತ ಜಾಗದಲ್ಲೇ ಬಿಡಿಸುತ್ತಾನೆ.

ಇದನ್ನು ನಾನು ಇಷ್ಟು ವರ್ಷ ನೋಡಿರಲಿಲ್ಲ. ಪದವಿ ಅಂದರೆ ಸರ್ಟಿಫಿಕೇಟ್ ಅಂತಲೇ ತಿಳಿದಿದ್ದೆ. ನಮಗೆ ಬೇಡವಾದ ಭಾಗವನ್ನೂ ಕೂರಿಸಿ ಓದಿಸುವುದು ಪದವಿ ಮಾಡುವ ಕೆಲಸ. ಬರೀ ಪ್ರೀತಿಯಿಂದ ಹೋದವನಿಗೆ ಸಿಹಿ ಭಾಗ ಮಾತ್ರ ಸಿಗುತ್ತದೆ. ಪೇಡೆ ತಿಂದಷ್ಟಕ್ಕೆ ಹಾಲು ಹುರಿಯುವ ಕೈ ಬರುವುದಿಲ್ಲ. ಮಗಳು ಕೇಳಿದ ಆ ಪ್ರಶ್ನೆಗೆ, ಪಂಪ ಯಾವ ಗಣ ಜಾಸ್ತಿ ಬಳಸಿದ ಅನ್ನುವುದಕ್ಕೆ, ಉತ್ತರ ಇರುವುದು ಕರ್ಣನ ಮಾತಿನಲ್ಲಿ ಅಲ್ಲ. ನಾನು ತಪ್ಪಿಸಿಕೊಂಡ ತರಗತಿಗಳಲ್ಲಿ.

ಹಾಗಾಗಿ ಹಿಂದಿನ ಬೆಂಚಿನ ಸಲಹೆಯನ್ನು ವಾಪಸ್ ತೆಗೆದುಕೊಂಡೆ. ಆದರೆ ಇಲ್ಲಿಗೆ ಪ್ರಶ್ನೆ ಮುಗಿಯಲಿಲ್ಲ. ನಿಜವಾದ ಎರಡನೇ ಪದವಿ ಬೇಕು ಎಂದಾದರೆ ಅದರ ಭಾರವೂ ನಿಜವಾದದ್ದೇ.

ಆ ಭಾರವನ್ನು ಅಳೆದವಳು ನನ್ನ ಹೆಂಡತಿ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ವಾದ ಮಾಡಲಿಲ್ಲ. ಒಂದು ಹಾಳೆ ತೆಗೆದುಕೊಂಡು ವಾರದ 168 ಗಂಟೆಯನ್ನು ಚೌಕ ಚೌಕವಾಗಿ ಬರೆದಳು. ನಿದ್ದೆ ದಿನಕ್ಕೆ ಏಳು ಗಂಟೆ, ಅದನ್ನು ಮುಟ್ಟುವಂತಿಲ್ಲ ಎಂದು ಮೊದಲೇ ಬಣ್ಣ ಹಾಕಿದಳು. ಬೆಳಿಗ್ಗೆ ಎಂಟಕ್ಕೆ ಮನೆ ಬಿಡಬೇಕು, ಸಂಜೆ ಆರರ ಮೇಲೆ ವಾಪಸ್. ಬಸ್ಸಿಗೇ ದಿನಕ್ಕೆ ಎರಡು ಗಂಟೆ, ವಾರಕ್ಕೆ 12. ಪ್ರಾಕ್ಟಿಕಲ್ಸ್ ರೆಕಾರ್ಡ್ ಬರೆಯುವುದು, ಗಣಿತದ ಲೆಕ್ಕ ಬಿಡಿಸುವುದು. ಊಟ, ಬಟ್ಟೆ, ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು. ಅದಕ್ಕೂ ಒಂದು ಚೌಕ ಕೊಟ್ಟಳು. ಎಲ್ಲ ಕಳೆದ ಮೇಲೆ ಉಳಿದದ್ದು ವಾರಕ್ಕೆ ಏಳು ಗಂಟೆ. ಪರೀಕ್ಷೆಯ ತಿಂಗಳಲ್ಲಿ ಅದೂ ಇಲ್ಲ.

ಧಾರವಾಡದಲ್ಲೇ, ಸಪ್ತಾಪುರದಲ್ಲಿ ಪಿಜಿ ಹಿಡಿದರೆ ಆ 12 ಗಂಟೆ ಉಳಿಯುತ್ತದೆ. ಅದನ್ನೂ ಮಾತಾಡಿದೆವು. ದುಡ್ಡಿನ ಲೆಕ್ಕ ಕೂಡಲಿಲ್ಲ.

ಏಳು ಗಂಟೆಯಲ್ಲಿ ಏನಾಗುತ್ತದೆ? ಕಾಲೇಜಿಗೆ ಹೋಗುವ ಎರಡನೇ ಪದವಿ ಆಗುವುದೇ ಇಲ್ಲ. ಉಳಿದದ್ದು ಎರಡು ದಾರಿ.

ಒಂದು, ಬಿ.ಎ. ಕನ್ನಡವನ್ನು ಕಾಲೇಜಿನಲ್ಲಿ ಓದಿ, ಅಂಕಿಸಂಖ್ಯೆಯನ್ನು ಆನ್‌ಲೈನ್‌ನಲ್ಲಿ ಓದುವುದು. ಮದ್ರಾಸ್ ಐಐಟಿಯ ಡೇಟಾ ಸೈನ್ಸ್ ಬಿ.ಎಸ್. ಪದವಿ ಇದೆ. ಜೆಇಇ ಬರೆಯದವರೂ ಸೇರಬಹುದು. ನಾಲ್ಕು ವಾರದ ಪಾಠ ಮುಗಿಸಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪಾಠ ಮನೆಯಲ್ಲಿ, ಪರೀಕ್ಷೆ ಕೇಂದ್ರಕ್ಕೆ ಹೋಗಿ. ಫೌಂಡೇಶನ್, ಡಿಪ್ಲೊಮಾ ಎಂದು ಮೆಟ್ಟಿಲುಗಳಿವೆ. ನಡುವೆ ನಿಲ್ಲಿಸಿದರೂ ಅಲ್ಲಿಯವರೆಗಿನದಕ್ಕೆ ಪ್ರಮಾಣಪತ್ರ ಸಿಗುತ್ತದೆ. ನನಗೆ ಇದು ತುಂಬಾ ಹಿಡಿಸಿತು. ನೌಕರಿಯ ಮಾತಾಡುವ ನಮ್ಮ ತಮ್ಮನಿಗೂ ಹಿಡಿಸಿತು.

ಮಗಳಿಗೆ ಹಿಡಿಸಲಿಲ್ಲ. ಅವಳಿಗೆ ಕಂಪ್ಯೂಟರಿಗಿಂತ ಮೊದಲು ಸಂಭವನೀಯತೆ ಬೇಕು. ಸೂತ್ರ ಯಾಕೆ ಹಾಗಿದೆ ಅನ್ನುವುದು ಬೇಕು. ಎದುರಿಗೆ ನಿಂತು ಬೋರ್ಡಿನ ಮೇಲೆ ಸಾಧಿಸಿ ತೋರಿಸುವವರು ಬೇಕು. ಲೆಕ್ಕದಲ್ಲಿ ಸಿಕ್ಕಿಬಿದ್ದರೆ ಒಬ್ಬಳೇ ಹೊರಗೆ ಬರಲು ಕಷ್ಟ, ಕನ್ನಡದಲ್ಲಿ ಸಿಕ್ಕಿಬಿದ್ದರೆ ನೀವಿದ್ದೀರಿ, ಹಾವೇರಿ ಕಾಕಾ ಇದ್ದಾರೆ ಅಂದಳು. ಈ ಮಾತು ನನಗೆ ಸರಿ ಅನ್ನಿಸಿತು. ಎರಡರಲ್ಲಿ ಯಾವುದು ಹೆಚ್ಚು ಇಷ್ಟ ಎಂದು ಎಲ್ಲರೂ ಅವಳನ್ನು ಕೇಳುತ್ತಿದ್ದರು. ಯಾವುದಕ್ಕೆ ಎದುರಿಗೆ ಮೇಷ್ಟ್ರು ಬೇಕೇ ಬೇಕು ಎಂದು ಕೇಳಿಕೊಂಡವಳು ಅವಳೊಬ್ಬಳೇ.

ಹಾಗಾದರೆ ಎರಡನೇ ದಾರಿ. ಬಿ.ಎಸ್ಸಿ. ಕಾಲೇಜಿನಲ್ಲಿ, ಕನ್ನಡದ ಬಿ.ಎ. ದೂರಶಿಕ್ಷಣದಲ್ಲಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮೈಸೂರಿನಲ್ಲಿ 1996ರಿಂದ ಇದೆ. ಅದರ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೂ ಇದೆ. ನಡುವೆ ಕೆಲವು ವರ್ಷ ಅದರ ಮಾನ್ಯತೆ ತಪ್ಪಿತ್ತು, 2018ರಲ್ಲಿ ಮತ್ತೆ ಸಿಕ್ಕಿತು. ದೂರಶಿಕ್ಷಣಕ್ಕೆ ಸೇರುವ ಯಾರೇ ಆಗಲಿ, ತಾವು ಸೇರುವ ವರ್ಷಕ್ಕೆ, ತಾವು ಸೇರುವ ಕೋರ್ಸಿಗೆ ಯುಜಿಸಿಯ ಅನುಮತಿ ಇದೆಯೇ ಎಂದು ಪಟ್ಟಿ ತೆರೆದು ನೋಡಲೇಬೇಕು. ಯಾರೋ ಹೇಳಿದರು ಎಂದು ನಂಬಿ ಫೀ ಕಟ್ಟಬೇಡಿ.

ಜುಲೈನಲ್ಲೇ ಎರಡಕ್ಕೂ ಸೇರುತ್ತೇನೆ ಎಂದು ಮಗಳು ಹಟ ಹಿಡಿದಳು. ಈ ವರ್ಷ ಬೇಡ ಎಂದು ಅವಳ ಅವ್ವ. ನಾನು ನಡುವೆ. ದೂರಶಿಕ್ಷಣದಲ್ಲಿ ವರ್ಷಕ್ಕೆ ಎರಡು ಸುತ್ತು ಪ್ರವೇಶ, ಜುಲೈ ಮತ್ತು ಜನವರಿ. ನಾನು ಒಂದು ಮಾತು ಹೇಳಿದೆ. ಜನವರಿಯವರೆಗೆ ಆ ಏಳು ಗಂಟೆಯಲ್ಲಿ ಕನ್ನಡ ಓದೋಣ. ಆದರೆ ಕಾವ್ಯ ಅಲ್ಲ. ಬರೀ ವ್ಯಾಕರಣ, ಛಂದಸ್ಸು. ನಾನು ತಪ್ಪಿಸಿಕೊಂಡದ್ದು ಏನೇನಿದೆಯೋ ಅಷ್ಟೂ. ನಾನೂ ನಿನ್ನ ಜೊತೆ ಕೂರುತ್ತೇನೆ. ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೂ ನೀನು ಆ ಟೇಬಲ್ಲಿನಲ್ಲಿ ಕೂತಿದ್ದರೆ ಫೀ ನಾನೇ ಕಟ್ಟಿ ಬರುತ್ತೇನೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಒಪ್ಪಿದಳು.

ಈಗ ಸೆಪ್ಟೆಂಬರ್. ಅವಳು ದಿನಾ ಚಿಗರಿಯಲ್ಲಿ ಧಾರವಾಡಕ್ಕೆ ಹೋಗಿ ಬರುತ್ತಾಳೆ. ಬುಧವಾರ ರಾತ್ರಿ ಒಂದು ಗಂಟೆ, ಶನಿವಾರ ಎರಡು, ಭಾನುವಾರ ಮೂರು ಗಂಟೆ ನಾವು ಟೇಬಲ್ಲಿಗೆ ಕೂರುತ್ತೇವೆ. ಎರಡು ವಾರ ತಪ್ಪಿದೆ. ಒಮ್ಮೆ ಅವಳಿಗೆ ಇಂಟರ್ನಲ್ಸ್ ಇತ್ತು, ಒಮ್ಮೆ ನನಗೆ ಜ್ವರ. ಮೊದಲ ತಿಂಗಳು ನಿಜಕ್ಕೂ ಕಷ್ಟವಾಯಿತು. ವಿಭಕ್ತಿ, ಸಂಧಿ, ಸಮಾಸ. ನಾನು ಆಕಳಿಸುವುದನ್ನು ಅವಳು ನೋಡಿ ಏನೂ ಅನ್ನಲಿಲ್ಲ. ಆದರೆ ನಡುನಡುವೆ ಅವಳ ಇನ್ನೊಂದು ವಿಷಯ ಬಂದು ಕೈಹಿಡಿಯಿತು. ಮೂರು ಮಾತ್ರೆಯ ಗಣ ಮೂರು ರೀತಿ, ನಾಲ್ಕು ಮಾತ್ರೆಯದು ಐದು, ಐದರದು ಎಂಟು. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಜಗತ್ತು ಇದನ್ನು ಫಿಬೊನಾಚಿ ಸಂಖ್ಯೆ ಅನ್ನುತ್ತದೆ. ಫಿಬೊನಾಚಿಯ ಪುಸ್ತಕ 1202ರದು. ಅದಕ್ಕೂ ಮೊದಲೇ ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ಬರೆದಿದ್ದ. ಇದನ್ನು ಅವಳು ಕಾಲೇಜಿನಲ್ಲಿ ತನ್ನ ಗಣಿತದ ಮೇಡಂಗೆ ಹೇಳಿದಳಂತೆ. ಅವರು ತರಗತಿಯಲ್ಲೇ ಬೋರ್ಡಿನ ಮೇಲೆ ಬರೆಸಿದರಂತೆ. ಅವತ್ತು ಅವಳು ಮನೆಗೆ ಬಂದ ಮುಖವನ್ನು ನಾನು ಮರೆಯುವುದಿಲ್ಲ.

ಹೋದ ಭಾನುವಾರ ಮಧ್ಯಾಹ್ನದಿಂದಲೇ ಮಳೆ. ನಾವು ಕಂದಗಳನ್ನು ಬಿಡಿಸುತ್ತಿದ್ದೆವು. ನಾನು ಪ್ರಸ್ತಾರ ಹಾಕುತ್ತೇನೆ, ಅವಳು ಎಣಿಸಿ ನೋಟ್‌ಬುಕ್ಕಿನ ಕಾಲಮ್ಮಿನಲ್ಲಿ ಬರೆಯುತ್ತಾಳೆ. ಅಲ್ಲಿಯವರೆಗೆ 43 ಕಂದ ಆಗಿದ್ದವು. ನಲವತ್ನಾಲ್ಕನೆಯದು ಕೂಡಲಿಲ್ಲ. ಮೂರನೇ ಗಣ "ಅಲರ್ದು" ಅನ್ನುವ ಪದ. ಒತ್ತಕ್ಷರದ ಹಿಂದಿನದು ಗುರು ಅಲ್ವಾ? ಹಾಗೆ ಹಿಡಿದು ಲಘು, ಗುರು, ಲಘು ಎಂದು ಹಾಕಿದೆ.

"ಅಪ್ಪಾ, ಅದು ಜಗಣ ಆತು. ಬೆಸ ಸ್ಥಾನದಾಗ ಬರಬಾರದು."

ಮತ್ತೆ ಹಾಕಿದೆ. ಮತ್ತೆ ಅದೇ. ಪದ್ಯದ ಅರ್ಧ ಮುಗಿಯುವ ಹೊತ್ತಿಗೆ ಒಂದು ಮಾತ್ರೆ ಜಾಸ್ತಿ ಉಳಿಯುತ್ತಿತ್ತು. ಅಚ್ಚಿನ ತಪ್ಪು ಇರಬೇಕು ಅಂದೆ. ಅವಳು ಒಪ್ಪಲಿಲ್ಲ. ಹಾವೇರಿಗೆ ಫೋನ್ ಹಚ್ಚಿದಳು. ಆ ಕಡೆಯಿಂದ ನನ್ನ ಹಳೆಯ ರೂಮಿನವನ ದನಿ ಕೇಳಿತು. "ಶಿಥಿಲದ್ವಿತ್ವ ನೋಡವಾ. ಒತ್ತು ಇದ್ದರೂ ಸಡಿಲಾಗಿ ಉಚ್ಚಾರ ಮಾಡತಾರ. ಹಿಂದಿನದು ಲಘುನ ಉಳೀತದ. ನಿಮ್ಮಪ್ಪ ಆವತ್ತು ಕ್ಲಾಸಿಗೆ ಬಂದಿರಲಿಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ರಬ್ಬರ್ ತೆಗೆದುಕೊಂಡು ನಾನು ಹಾಕಿದ ಗುರುವಿನ ಗೆರೆಯನ್ನು ಅಳಿಸಿದಳು. ಅ, ಲ, ದು, ಮೂರೂ ಲಘು. ಮುಂದಿನ ಪದದ ಮೊದಲ ಅಕ್ಷರವೂ ಲಘು, ಅದನ್ನೂ ಇದಕ್ಕೇ ಸೇರಿಸಿದಳು. ಆಮೇಲಿನ ಗಣಗಳು ಒಂದೊಂದಾಗಿ ಸರಿದು ತಮ್ಮ ಜಾಗಕ್ಕೆ ಬಂದವು. ನಾನು ಬೆರಳಿಟ್ಟು ಎಣಿಸಿದೆ. ಎಂಟನೇ ಗಣ ಗುರುವಿನಲ್ಲಿ ಮುಗಿಯಿತು. ಅವಳು ನೋಟ್‌ಬುಕ್ಕಿನಲ್ಲಿ ನಾಲ್ಕೂ ಲಘುವಿನ ಕಾಲಮ್ಮಿಗೆ ಇನ್ನೊಂದು ಗೆರೆ ಎಳೆದು, ಮುಂದಿನ ಪದ್ಯ ಓದಿ ಅಂದಳು.